ಮನೆಯಲ್ಲಿ ಸೈಕಲ್ಲಿಗೊಂದು ಜಾಗ

ಸೈಕಲ್ಲನ್ನು ಕೊಳ್ಳುವಾಗ ನಾವು ಅದರ ಬೆಲೆ ಕೇಳುತ್ತೇವೆ, ಬಣ್ಣ ನೋಡುತ್ತೇವೆ, ಗಂಟೆಯನ್ನು ಎರಡು ಸಲ ಬಾರಿಸಿಯೂ ನೋಡುತ್ತೇವೆ. ಅದು ರಾತ್ರಿ ಎಲ್ಲಿ ಇರಬೇಕು ಎಂಬುದನ್ನು ಮಾತ್ರ ಯೋಚಿಸುವುದಿಲ್ಲ. ಆ ಪ್ರಶ್ನೆ ಏಳುವುದು ಗಾಡಿ ಮನೆಯ ಬಾಗಿಲಿಗೆ ಬಂದು ನಿಂತ ಮೇಲೆ. ಅದನ್ನು ಕೇಳುವವರು ಸಾಮಾನ್ಯವಾಗಿ ಮನೆಯ ಒಡತಿ. ಉತ್ತರ ಹೇಳಲಾರದೆ ತಲೆ ಕೆರೆದುಕೊಳ್ಳುವವರು ನಾವು.

ನಮ್ಮ ಹಿರಿಯರ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಮನೆಗೊಂದು ಸೈಕಲ್ಲಿದ್ದರೆ ಅದೇ ಹೆಚ್ಚು. ಅದಕ್ಕೆ ಮುನಿಸಿಪಾಲಿಟಿಯ ಬಿಲ್ಲೆ ಕಟ್ಟಿಸಿ, ಸಂಜೆ ಜಗಲಿಯ ಮೇಲೋ ಪಕ್ಕದ ಓಣಿಯಲ್ಲೋ ನಿಲ್ಲಿಸಿದರೆ ಮುಗಿಯಿತು. ಈಗ ಎಷ್ಟೋ ಮನೆಗಳಲ್ಲಿ ಜಗಲಿಯಿಲ್ಲ, ಹಿತ್ತಿಲಿಲ್ಲ. ಎರಡು ಕೋಣೆ, ಒಂದು ಹಜಾರ, ಅಂಗೈಯಗಲದ ಬಾಲ್ಕನಿ ಉಳಿದಿವೆ. ಸೈಕಲ್ಲುಗಳು ಮಾತ್ರ ಮಗನಿಗೊಂದು, ಮೊಮ್ಮಗಳಿಗೊಂದು ಎಂದು ಹೆಚ್ಚುತ್ತಲೇ ಇವೆ.

ಮೈಸೂರಿನಲ್ಲಿರುವ ನಮ್ಮಣ್ಣನವರ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಅವರಿಗೆ ಈಗ 71 ವರ್ಷ. ಕಚೇರಿಯ ಕೆಲಸವಿದ್ದಷ್ಟು ಕಾಲವೂ ಸೈಕಲ್ಲಿನಲ್ಲೇ ಹೋಗಿ ಬಂದವರು. ಎರಡು ವರ್ಷದ ಹಿಂದೆ ಸೈಕಲ್ಲಿನಿಂದ ಇಳಿಯುವಾಗ ಆಯ ತಪ್ಪಿ ಬಿದ್ದು ಮಣಿಕಟ್ಟು ಮುರಿದುಕೊಂಡರು. "ಎರಡು ಚಕ್ರದ ಸಹವಾಸ ಇನ್ನು ಸಾಕು, ಮೂರಾದರೆ ಅಡ್ಡಿಯಿಲ್ಲ" ಎಂದರು ವೈದ್ಯರು. ಅದನ್ನು ಕೇಳಿದ ಮಗ ಒಂದು ಒರಗು ಸೈಕಲ್ಲನ್ನು ತಂದುಕೊಟ್ಟ.

ಇದನ್ನು ನೋಡದವರು ಹೀಗೆ ಕಲ್ಪಿಸಿಕೊಳ್ಳಬಹುದು. ಒಂದು ಆರಾಮಕುರ್ಚಿಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ಇಳಿಸಿ, ಮುಂದೆ ಎರಡು, ಹಿಂದೆ ಒಂದು ಚಕ್ರ ಜೋಡಿಸಿ, ಪೆಡಲುಗಳನ್ನು ಕಾಲು ಚಾಚಿದಷ್ಟು ಮುಂದಕ್ಕೆ ಇಟ್ಟರೆ ಏನಾಗುವುದೋ ಅದೇ ಇದು. ರಿಕಂಬೆಂಟ್ ಟ್ರೈಕ್ ಎಂದು ಅದನ್ನು ಕರೆಯುತ್ತಾರೆ. ನಿಂತಾಗಲೂ ವಾಲುವುದಿಲ್ಲ, ಬೆನ್ನಿಗೆ ಆಸರೆಯುಂಟು. ಒರಗಿ ಕುಳಿತು ತುಳಿಯುವುದು ಹೊಸ ವಿದ್ಯೆಯೇನೂ ಅಲ್ಲ. 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ, ಷಾರ್ಲ್ ಮೋಷೆ ಕಟ್ಟಿದ ಎರಡು ಚಕ್ರದ ಇಂಥ ಗಾಡಿಯಲ್ಲಿ ಒಂದೇ ಗಂಟೆಯಲ್ಲಿ 45 ಕಿಲೋಮೀಟರಿಗೂ ಮಿಕ್ಕಿ ಓಡಿ, ಅಲ್ಲಿಯವರೆಗಿನ ದಾಖಲೆಯನ್ನು ಮುರಿದ. ಮರುವರ್ಷವೇ ಸೈಕಲ್ ಪಂದ್ಯಗಳ ಅಂತಾರಾಷ್ಟ್ರೀಯ ಸಂಸ್ಥೆ ಇಂಥ ಗಾಡಿಗಳನ್ನು ಪಂದ್ಯದಿಂದ ಹೊರಗಿಟ್ಟಿತು. ಪಂದ್ಯದಿಂದ ಹೊರಗಿಟ್ಟವರು ಅವರು. ಮನೆಯಿಂದ ಹೊರಗಿಟ್ಟವರು ನಮ್ಮತ್ತಿಗೆ.

ಹೊರಗೆ ಎಂದರೆ ಅಡಿಗೆಮನೆಯ ಹಿಂದೆ, ಟಾರ್ಪಾಲಿನ ಮುಸುಕಿನೊಳಗೆ. ಮಳೆಗಾಲ ಬಂತು. ಮುಸುಕು ಮಳೆಯನ್ನು ತಡೆಯಿತು, ಆದರೆ ಒಳಗಿನ ತೇವವನ್ನು ಹೊರಗೆ ಬಿಡಲಿಲ್ಲ. ಈ ಗಾಡಿಯ ಚೈನು ಸಾಧಾರಣ ಸೈಕಲ್ಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉದ್ದ. ಅಷ್ಟಕ್ಕೂ ತುಕ್ಕು ಹಿಡಿಯಿತು. ಆಮೇಲೆ ಮೆಟ್ಟಿಲ ಬುಡಕ್ಕೆ ತಂದರು. ಒಂದು ರಾತ್ರಿ ದೀಪ ಹೋದಾಗ ಮಹಡಿಯ ಮನೆಯವರು ಇಳಿದು ಬಂದು ಎಡವಿದರು. ಅವರು ಸಿಟ್ಟಾದದ್ದು ನ್ಯಾಯವೇ. ಮೆಟ್ಟಿಲ ಹಾದಿ ಎಲ್ಲರ ಹಾದಿ. ಬೆಂಕಿ ಬಿದ್ದ ದಿನ ಜೀವ ಉಳಿಸಿಕೊಂಡು ಓಡುವ ಹಾದಿಯೂ ಅದೇ. ಎಷ್ಟೇ ಇಕ್ಕಟ್ಟಾದರೂ ಅಲ್ಲಿ ಸೈಕಲ್ಲು ನಿಲ್ಲಬಾರದು.

ಮೂರನೆಯ ಜಾಗ ಒಳಕೋಣೆಯ ಮೂಲೆ. ಅಲ್ಲಿ ಮಳೆಯಿಲ್ಲ, ಎಡವುವವರಿಲ್ಲ. ಆದರೆ ಗಾಡಿಯನ್ನು ಹೊರಕ್ಕೆ ತೆಗೆಯಬೇಕಾದರೆ ಮೊಮ್ಮಗಳ ಸೈಕಲ್ಲು, ಇಸ್ತ್ರಿಯ ಮೇಜು, ಅಕ್ಕಿಯ ಡಬ್ಬ, ಈ ಮೂರನ್ನೂ ಸರಿಸಬೇಕು. ಮೊದಲ ವಾರ ಅಣ್ಣನವರು ತಾವೇ ಸರಿಸಿದರು. ಎರಡನೆಯ ವಾರ ಮೊಮ್ಮಗಳನ್ನು ಕರೆದರು. ಮೂರನೆಯ ವಾರ, "ಇವತ್ತು ಮೋಡ ಇದೆ, ನಾಳೆ ನೋಡೋಣ" ಎಂದರು. ಆಮೇಲೆ ಮೋಡವಿಲ್ಲದ ದಿನವೂ ಹೋಗಲಿಲ್ಲ. ನಾನು ಹೋಗಿ ನೋಡಿದಾಗ ಗಾಡಿಯ ಸೀಟಿನ ಮೇಲೆ ಒಗೆದ ಬಟ್ಟೆಯ ರಾಶಿ. ಅಣ್ಣನವರು ಹಜಾರದ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾ ಕುಳಿತಿದ್ದರು. ಸಂಜೆಯವರೆಗೆ ನಾಲ್ಕು ಮಾತು ಆಡಲಿಲ್ಲ.

ಆ ದಿನ ನನಗೆ ತಿಳಿದದ್ದು ಇಷ್ಟು. ಸೈಕಲ್ಲಿಗೆ ಜಾಗ ಹುಡುಕುವಾಗ "ಇದು ಎಲ್ಲಿ ಹಿಡಿಸುತ್ತದೆ?" ಎಂದು ಕೇಳಿದರೆ ಸಾಲದು, "ಎಲ್ಲಿಂದ ಸುಲಭವಾಗಿ ಹೊರಕ್ಕೆ ಬರುತ್ತದೆ?" ಎಂದೂ ಕೇಳಬೇಕು. ತೆಗೆಯಲು ತ್ರಾಸವಾದ ಗಾಡಿ ಎಷ್ಟು ಜೋಪಾನವಾಗಿದ್ದರೂ ಇಲ್ಲದಂತೆಯೇ.

ಮರುದಿನ ಅಳತೆಯ ಟೇಪು ತಂದೆವು. ಗಾಡಿಯ ಅಗಲ 32 ಅಂಗುಲ, ಉದ್ದ 6 ಅಡಿ. ಮುಂಬಾಗಿಲು 36 ಅಂಗುಲ, ಒಳಕೋಣೆಯ ಬಾಗಿಲು 30. ಎಂದರೆ ಅಣ್ಣನವರು ದಿನವೂ ಅದನ್ನು ಒಂದು ಮಗ್ಗುಲಿಗೆ ಹೊರಳಿಸಿ ದಾಟಿಸುತ್ತಿದ್ದರು. ಪಾಪ, ಯಾರಿಗೂ ಹೇಳಿರಲಿಲ್ಲ. ಆದ್ದರಿಂದ ಗಾಡಿ ಇರಬೇಕಾದದ್ದು ಹಜಾರದಲ್ಲೇ, ಮುಂಬಾಗಿಲ ಬಳಿಯೇ ಎಂದು ತೀರ್ಮಾನವಾಯಿತು. ಅಲ್ಲಿ ಅದನ್ನು ಮಲಗಿಸದೆ ನಿಲ್ಲಿಸಿದೆವು. ಮೊದಲು ಬ್ರೇಕನ್ನು ಬಿಗಿಹಿಡಿಸಿ, ಮುಂಭಾಗವನ್ನು ಎತ್ತಿ, ಹಿಂಚಕ್ರವೂ ಕ್ಯಾರಿಯರೂ ನೆಲಕ್ಕೆ ಊರುವಂತೆ ಬಾಲದ ಮೇಲೆ ನಿಲ್ಲಿಸುವುದು. ನೆಲದ ಮೇಲೆ 16 ಚದರ ಅಡಿ ಕೇಳುತ್ತಿದ್ದ ಗಾಡಿ ಅದರ ಅರ್ಧಕ್ಕೆ ಒಪ್ಪಿತು. ಒಟ್ಟು ತೂಕ 18 ಕಿಲೋ ಇದ್ದರೂ ಎತ್ತುವವರ ಕೈಗೆ ಅಷ್ಟೂ ಬರುವುದಿಲ್ಲ. ಒಂದು ಪಾಲನ್ನು ಹಿಂಚಕ್ರವೇ ಹೊರುತ್ತದೆ. ಹೀಗೆ ನಿಲ್ಲಿಸಿದ್ದನ್ನು ಗೋಡೆಯ ಕೊಂಡಿಗೆ ಪಟ್ಟಿ ಹಾಕಿ ಬಿಗಿಯಲೇಬೇಕು. ಮಕ್ಕಳು ಎಳೆದರೆ ಮೇಲೆ ಬಿದ್ದೀತು. ಮೇಲ್ತುದಿಗೆ ಬರುವ ಹಲ್ಲಿನ ಚಕ್ರಕ್ಕೆ ಒಂದು ಬಟ್ಟೆಯ ಚೀಲ ತೊಡಿಸಿದರೆ ಎಣ್ಣೆ ಮೈಗೆ ತಾಗದು. ಎಲ್ಲ ಗಾಡಿಗಳೂ ಹೀಗೆ ನಿಲ್ಲುವುದಿಲ್ಲ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ನಿಲ್ಲಿಸಿ ನೋಡುವುದು ಜಾಣತನ.

ಇನ್ನು ಎರಡು ಚಕ್ರದ ಸೈಕಲ್ಲುಗಳು. ಎರಡನ್ನು ಅಕ್ಕಪಕ್ಕ ನಿಲ್ಲಿಸುವಾಗ ಒಂದರ ತಲೆ ಇತ್ತ, ಇನ್ನೊಂದರ ತಲೆ ಅತ್ತ ಇರಲಿ. ಹ್ಯಾಂಡಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ. ಗೇಣುದ್ದದ ಜಾಗ ಉಳಿಯುತ್ತದೆ. ಹಗುರವಾದ ಸೈಕಲ್ಲನ್ನು ಮುಂಚಕ್ರದಿಂದ ಗೋಡೆಯ ಕೊಕ್ಕೆಗೆ ತೂಗುಹಾಕಬಹುದು. ಕೊಕ್ಕೆಗೆ ರಬ್ಬರ್ ಸುತ್ತಿರಲಿ, ಅದರ ಬೋಲ್ಟು ಗಾರೆಯಲ್ಲಲ್ಲ, ಇಟ್ಟಿಗೆಯಲ್ಲಿ ನಾಟಿರಲಿ. ಹಳೆಯ ಮಣ್ಣುಗೋಡೆಯನ್ನು ನಂಬುವಂತಿಲ್ಲ. ಅಲ್ಲಿ ನೆಲದಿಂದ ಸೂರಿನವರೆಗೆ ಒಂದು ಕಂಬ ನಿಲ್ಲಿಸಿ ಅದಕ್ಕೆ ತೂಗಿಸುವುದೇ ಮೇಲು. ಕಬ್ಬಿಣದ ದೊಡ್ಡ ಸೈಕಲ್ಲು 20 ಕಿಲೋ ತೂಗುತ್ತದೆ. ವಯಸ್ಸಾದವರು ಅದನ್ನು ದಿನವೂ ಎತ್ತುವ ಗೋಜಿಗೆ ಹೋಗಬಾರದು, ಅದು ನೆಲದಲ್ಲೇ ಇರಲಿ. ವರ್ಷಕ್ಕೆ ನಾಲ್ಕು ಸಲ ಹತ್ತುವ ಸೈಕಲ್ಲಿದ್ದರೆ ರಾಟೆ ಹಾಕಿ, ಹಗ್ಗದಿಂದ ಸೂರಿಗೆ ಏರಿಸಬಹುದು. ಆದರೆ ಮಲಗುವ ಮಂಚದ ಮೇಲೆ ಬೇಡ.

ಬ್ಯಾಟರಿಯ ಸೈಕಲ್ಲು ಇರುವವರಿಗೆ ಇನ್ನೊಂದು ಮಾತು. ಲಿಥಿಯಂ ಬ್ಯಾಟರಿಯನ್ನು ಅದರದೇ ಚಾರ್ಜರಿನಿಂದ, ನೀವು ಎಚ್ಚರವಾಗಿರುವಾಗಲೇ ತುಂಬಿಸಿ. ಮುಂಬಾಗಿಲ ಬಳಿ ಚಾರ್ಜಿಗೆ ಹಚ್ಚಿ ಮಲಗಬೇಡಿ. ಅದು ಹೊತ್ತಿಕೊಂಡರೆ ಹೊರಗೆ ಹೋಗುವ ಹಾದಿಯೇ ಮುಚ್ಚಿಹೋಗುತ್ತದೆ. ಬಿಚ್ಚಿಡಲು ಬರುವ ಬ್ಯಾಟರಿಯಾದರೆ ಬಿಚ್ಚಿ ಬೇರೆಡೆ ತುಂಬಿಸುವುದು ಒಳ್ಳೆಯದು. ಮಳೆಯಲ್ಲಿ ನೆನೆದು ಬಂದ ಸೈಕಲ್ಲನ್ನು ಒಣಬಟ್ಟೆಯಿಂದ ಒರೆಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು, ಆಮೇಲೆ ಒಳಗಿಡಿ. ಅದು ನಿಲ್ಲುವ ಕಡೆ ಒಂದು ಹಳೆಯ ಚಾಪೆ ಹಾಸಿದರೆ ನೆಲ ತೊಳೆಯುವವರ ಬೈಗುಳವೂ ತಪ್ಪುತ್ತದೆ.

ಅಣ್ಣನವರ ಹಜಾರದಲ್ಲಿ ಜಾಗ ಮಾಡಲು ಒಂದು ಸಾಮಾನು ಹೊರಗೆ ಹೋಗಲೇಬೇಕಾಗಿತ್ತು. ಬಹಳ ಚರ್ಚೆಯಾದ ಮೇಲೆ, ಕಿಟಕಿಯ ಬಳಿಯ ಆ ಕುರ್ಚಿಯನ್ನೇ ತೆಗೆದೆವು. ಈಗ ಬೆಳಗ್ಗೆ ಆರಕ್ಕೆ ಪಟ್ಟಿ ಬಿಚ್ಚಿ, ಗಾಡಿ ಇಳಿಸಿ, ವಾಹನಗಳ ಗಲಾಟೆ ಆರಂಭವಾಗುವ ಮೊದಲೇ ಅಣ್ಣನವರು ಒಂದು ಸುತ್ತು ಹೋಗಿ ಬರುತ್ತಾರೆ. ಬರುವಾಗ ಕರಿಬೇವು, ಕೊತ್ತಂಬರಿ, ಊರಿನ ನಾಲ್ಕು ಸುದ್ದಿ ತರುತ್ತಾರೆ. ಮೊನ್ನೆ ಬಂದ ನೆಂಟರೊಬ್ಬರು, "ಇಲ್ಲೊಂದು ಕುರ್ಚಿ ಇತ್ತಲ್ಲ, ಎಲ್ಲಿ ಹೋಯಿತು?" ಎಂದು ಕೇಳಿದರು.

"ಅದರಲ್ಲಿ ಕೂರುತ್ತಿದ್ದವರೇ ಈಗ ಮನೆಯಲ್ಲಿ ಕೂರುವುದಿಲ್ಲ" ಎಂದರು ಅತ್ತಿಗೆ.