ಇಂಗ್ಲಿಷ್ ಶಬ್ದಸಂಪತ್ತು: ಒಬ್ಬ ಕಾರಕೂನನ ಅನುಭವ

(ಸಂಘದ ತರುಣರ ಕೂಟದಲ್ಲಿ ಮಾಡಿದ ಭಾಷಣ)



ಇಂಗ್ಲಿಷ್ ಶಬ್ದಸಂಪತ್ತನ್ನು ಬೆಳೆಸಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ನಗು ಬಂದಿತು. ನಾನು ಪ್ರಾಧ್ಯಾಪಕನಲ್ಲ, ಸಾಹಿತಿಯಂತೂ ಅಲ್ಲವೇ ಅಲ್ಲ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತು, ಧಾರವಾಡದಲ್ಲಿ ಬಿ.ಕಾಂ. ಮುಗಿಸಿ, ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ಒಬ್ಬ ಬ್ಯಾಂಕ್ ಕಾರಕೂನ. ಆದರೆ ಈ ವಿಷಯದಲ್ಲಿ ನಾನು ತಿಂದಷ್ಟು ಪೆಟ್ಟನ್ನು ಈ ಸಭೆಯಲ್ಲಿ ಇನ್ನಾರೂ ತಿಂದಿರಲಾರರು. ಅದೊಂದೇ ನನ್ನ ಅರ್ಹತೆ.

ಬಡ್ತಿಯ ಪರೀಕ್ಷೆಗೆಂದು ನಾನೊಂದು ಶಬ್ದಗಳ ಪುಸ್ತಕ ಕೊಂಡಿದ್ದೆ. ದಿನಕ್ಕೆ 30 ಶಬ್ದ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡದ ಅರ್ಥ. ಬಸ್ಸಿನಲ್ಲಿ ನಿಂತೇ ಗಿಣಿಪಾಠ ಮಾಡುತ್ತಿದ್ದೆ. ಆರು ತಿಂಗಳಲ್ಲಿ ಸಾವಿರಾರು ಶಬ್ದಗಳು ಗಂಟಲಲ್ಲಿ ಕುಳಿತವು. ಅವುಗಳೊಡನೆ ಸ್ವಲ್ಪ ಸೊಕ್ಕೂ ಕುಳಿತಿತು. ಆಗ ಒಬ್ಬ ನಿವೃತ್ತ ಶಿಕ್ಷಕರ ಚೆಕ್ಕು ಸಹಿ ಹೊಂದದೆ ಹಿಂದಿರುಗಿತು. ಅವರಿಗೆ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರಿಯ ‘ನಿಮ್ಮ ಸಹಿ’ ಎಂದರೆ ಸಪ್ಪೆಯಾದೀತೆಂದು ‘ಯುವರ್ ಅಲೆಜ್ಡ್ ಸಿಗ್ನೇಚರ್’ ಎಂದು ಬರೆದೆ. ನನ್ನ ಪುಸ್ತಕದ ಬಲಗಡೆ ‘ಹೇಳಲಾದ, ಎನ್ನಲಾದ’ ಎಂದಿತ್ತು.

ಮೂರನೆಯ ದಿನ ಅವರು ಬಂದರು. ಎಪ್ಪತ್ತು ದಾಟಿದ ಮರಾಠೀ ಗೃಹಸ್ಥರು, ಕೈ ನಡುಗುತ್ತಿತ್ತು, ಸಹಿ ಕೆಡಲು ಕಾರಣವೂ ಅದೇ. ಪತ್ರವನ್ನು ಕೌಂಟರಿನ ಮೇಲಿಟ್ಟು, ನಲವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ತಾನು ಈಗ ಖೋಟಾ ಸಹಿಯವನಾದೆನೆ ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಸಹಿಸಬಹುದಿತ್ತು. ನನ್ನ ತಂದೆಯೂ ಶಾಲಾ ಮಾಸ್ತರರೇ. ಅವರನ್ನು ಯಾರಾದರೂ ‘ಮಾಸ್ತರರೆನ್ನಲಾದ ಗೃಹಸ್ಥರು’ ಎಂದು ಬರೆದರೆ ನನಗೆ ಹೇಗಾದೀತು? ಕನ್ನಡದಲ್ಲಿ ಒಂದು ಕ್ಷಣ ಯೋಚಿಸಿದ್ದರೆ ಆ ಶಬ್ದದ ಮುಳ್ಳು ಅಂದೇ ಕೈಗೆ ತಾಗುತ್ತಿತ್ತು. ನಾನು ಅರ್ಥವನ್ನು ಕಲಿತಿದ್ದೆ, ಶಬ್ದವನ್ನು ಕಲಿತಿರಲಿಲ್ಲ.

ಅಂದಿನಿಂದ ಪಟ್ಟಿ ಮೂಲೆ ಸೇರಿತು. ಈಗ ಹೊಸ ಶಬ್ದ ಸಿಕ್ಕರೆ ಅದು ಸಿಕ್ಕ ಇಡೀ ವಾಕ್ಯವನ್ನೇ ಬರೆದುಕೊಳ್ಳುತ್ತೇನೆ. ಕೆಳಗೆ ನನ್ನದೊಂದು ವಾಕ್ಯ. ಶಬ್ದಗಳಿಗೂ ಒಡನಾಡಿಗಳಿರುತ್ತಾರೆ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಪರಭಾಷೆಯವರಿಗೆಂದೇ ಸಿದ್ಧವಾದ ನಿಘಂಟುಗಳು ಇಂಥ ಬಳಕೆಯನ್ನು ತೋರಿಸಿಕೊಡುತ್ತವೆ. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಹಾರ್ನ್‌ಬಿಯವರ ನಿಘಂಟು 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂದಿತು. ಅದರ ಪರಿಷ್ಕೃತ ಆವೃತ್ತಿಗಳು ಇಂದಿಗೂ ದೊರೆಯುತ್ತವೆ. ಬರೆದುದನ್ನು ಮರುದಿನ, ವಾರದ ನಂತರ, ತಿಂಗಳ ನಂತರ ತಿರುವಿ ಹಾಕಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಮೊದಲಲ್ಲೇ ಅತಿ ಬೇಗ ಮರೆಯುತ್ತದೆಂದು 1885ರಲ್ಲಿ ಪ್ರಕಟಿಸಿದರು. ನಮ್ಮ ಅಜ್ಜಂದಿರು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದುದೂ ಇದನ್ನು ಅರಿತೇ ಇರಬೇಕು.

ಇಂಗ್ಲಿಷಿಗೆ ಹಲವು ಪದರಗಳು. ತಳದಲ್ಲಿ ಸ್ಯಾಕ್ಸನ್ ಮನೆಮಾತು. 1066ರಲ್ಲಿ ನಾರ್ಮನ್ನರು ಗೆದ್ದು ಬಂದ ಮೇಲೆ ಅರಮನೆ, ನ್ಯಾಯಾಲಯಗಳ ಮೂಲಕ ಫ್ರೆಂಚ್ ಶಬ್ದಗಳು ಹರಿದುಬಂದವು. ಪಂಡಿತರು ಲ್ಯಾಟಿನ್, ಗ್ರೀಕ್‌ಗಳಿಂದ ಮತ್ತಷ್ಟು ತಂದರು. ಹೀಗಾಗಿ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂಬ ಮೂರು ಶಬ್ದಗಳಾದವು. ಕನ್ನಡಿಗನಿಗೆ ಇದರಲ್ಲಿ ಆಶ್ಚರ್ಯವೇನು? ಸಂಜೆ ಎಷ್ಟು ಗಂಟೆಗೆ ಬರುತ್ತೀರೆಂದು ಮನೆಯಾಕೆ ಕೇಳುತ್ತಾಳೆ. ಸಭೆಯಲ್ಲಿ ಸದಸ್ಯರು ಪ್ರಶ್ನಿಸುತ್ತಾರೆ. ಪೊಲೀಸರು ವಿಚಾರಣೆ ನಡೆಸುತ್ತಾರೆ. (ತಡವಾಗಿ ಮನೆ ಸೇರಿದ ದಿನ ಮೂರನೆಯದೂ ಮನೆಯಲ್ಲೇ ನಡೆಯುವುದುಂಟು!) ಬಾಯಾರಿದವನು ನೀರು ಬೇಡುತ್ತಾನೆ, ಜಲ ಬೇಡುವುದಿಲ್ಲ, ಇಲಾಖೆಯ ಹೆಸರು ಮಾತ್ರ ಜಲಸಂಪನ್ಮೂಲ. ಯಾವ ಪದರದ ಶಬ್ದ ಎಲ್ಲಿಗೆ ತಕ್ಕುದೆಂಬ ಈ ತೂಕ ನಮ್ಮ ಮಕ್ಕಳಿಗೆ ತಾಯಿಯ ಮಾತಿನೊಡನೆ ಬರುತ್ತದೆ. ಇಂಗ್ಲಿಷ್ ಸುಧಾರಿಸಲೆಂದು ಮನೆಯಲ್ಲಿ ಕನ್ನಡ ಬಿಡಿಸುವ ತಂದೆತಾಯಿಗಳು ನಮ್ಮಲ್ಲಿ ಕೆಲವರಿದ್ದಾರೆ. ಅವರು ಕೈಗೆ ಸಿಕ್ಕ ತಕ್ಕಡಿಯನ್ನೇ ಬಿಸಾಡುತ್ತಿದ್ದಾರೆಂದು ನನಗೆ ತೋರುತ್ತದೆ. ಕೋಪ ಬಂದರೆ ಕ್ಷಮಿಸಬೇಕು.

ಇನ್ನೊಂದು ಲಾಭವೂ ಉಂಟು. ಕನ್ನಡ ದ್ರಾವಿಡ ಭಾಷೆಯಾದರೂ ಅದರಲ್ಲಿ ಸಂಸ್ಕೃತ ಶಬ್ದಗಳು ಬೇಕಾದಷ್ಟಿವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲಕತ್ತೆಯಲ್ಲಿ ಸಾರಿದರು. ನಮ್ಮ ದಂತಕ್ಕೂ ‘ಡೆಂಟಲ್’ಗೂ, ನಾಮಕ್ಕೂ ‘ನಾಮಿನಲ್’ಗೂ, ಮಾತೃವಿಗೂ ‘ಮೆಟರ್ನಲ್’ಗೂ ನಂಟಸ್ತಿಕೆಯಿದೆ. ದನಿ ಹೋಲಿದ ಮಾತ್ರಕ್ಕೆ ನೆಂಟರೆನ್ನಬಾರದು. ನಿಘಂಟನ್ನು ಕೇಳಿಯೇ ಸಂಬಂಧ ಬೆಳೆಸಬೇಕು.

ನನ್ನನ್ನು ಬೆರಗುಗೊಳಿಸಿದ್ದು ನಮ್ಮ ಲೆಕ್ಕದ ಪುಸ್ತಕದ ‘ಕ್ರೆಡಿಟ್’. ನಂಬುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಶಬ್ದವದು. ಆ ಧಾತುವಿಗೂ ನಮ್ಮ ‘ಶ್ರದ್ಧೆ’ಗೂ ಮೂಲ ಒಂದೇ! ಬಾಲ್ಯದಿಂದ ತಂದೆಯ ಬಾಯಲ್ಲಿ ಕೇಳಿದ ಶ್ರದ್ಧೆಯನ್ನೇ ನಾನು ದಿನವಿಡೀ ಬಲಗಡೆಯ ಅಂಕಣದಲ್ಲಿ ಬರೆಯುತ್ತಿದ್ದೆನೆಂದು ತಿಳಿದ ಸಂಜೆ ಲೆಕ್ಕ ತಾಳೆಯಾಗಲು ಅರ್ಧ ಗಂಟೆ ತಡವಾಯಿತು. ಈ ಒಂದು ಬೇರು ಹಿಡಿದರೆ ನಂಬಲರ್ಹವಾದ ‘ಕ್ರೆಡಿಬಲ್’, ಕೇಳಿದ್ದನ್ನೆಲ್ಲ ನಂಬುವ ‘ಕ್ರೆಡ್ಯುಲಸ್’, ನಂಬಿಕೆ ಹುಟ್ಟಿಸುವ ‘ಕ್ರೆಡೆನ್ಶಿಯಲ್ಸ್’, ನಂಬಿದ ಮತವಾದ ‘ಕ್ರೀಡ್’ ಒಂದೇ ಮನೆಯ ಮಕ್ಕಳಂತೆ ಸಾಲಾಗಿ ಬಂದು ನಿಲ್ಲುತ್ತವೆ. ಹಳೆಯ ಪಟ್ಟಿಯಲ್ಲಿ ಇವನ್ನು ನಾನು ನಾಲ್ಕು ಬೇರೆ ಬೇರೆ ದಿನಗಳಲ್ಲಿ ಉರುಹೊಡೆದಿದ್ದೆ.

ಆ ಶಿಕ್ಷಕರ ಖಾತೆ ಈಗಲೂ ನಮ್ಮಲ್ಲಿಯೇ ಇದೆ. ಪ್ರತಿ ನವೆಂಬರದಲ್ಲಿ ಪಿಂಚಣಿಗಾಗಿ ಜೀವಂತವಿದ್ದೇನೆಂಬ ಪ್ರಮಾಣಪತ್ರ ಕೊಡಲು ಬರುತ್ತಾರೆ. ಕಳೆದ ಸಾರೆ ಬಂದಾಗ ನನ್ನ ಮೇಜಿನ ಮೇಲಿದ್ದ ನೋಟುಬುಕ್ಕನ್ನು ಎತ್ತಿಕೊಂಡರು. ಮೊದಲ ಪುಟದ ಮೊದಲ ಶಬ್ದ ‘ಅಲೆಜ್ಡ್’. ಅವರು ಏನೂ ಹೇಳಲಿಲ್ಲ. ಕಿಸೆಯಿಂದ ಪೆನ್ನು ತೆಗೆದು, ಕೆಳಗೆ ನಾನು ಬರೆದಿದ್ದ ವಾಕ್ಯದಲ್ಲಿ ಒಂದು ತಪ್ಪು ತಿದ್ದಿ, ಶಾಲೆಯ ಪದ್ಧತಿಯಂತೆ ಪಕ್ಕದಲ್ಲಿ ಸಹಿ ಹಾಕಿದರು. ಆ ಸಹಿಯೂ ನಮ್ಮ ದಾಖಲೆಯ ಸಹಿಗೆ ಹೊಂದುವಂತಿರಲಿಲ್ಲ.