ಹೆರಿಗೆಯ ನಂತರದ ರಕ್ತಸ್ರಾವ: ದಂಪತಿಗಳು ತಿಳಿದಿರಬೇಕಾದ ವಿಷಯ

(ಕೆರೂರಿನಲ್ಲಿ ಸೇರಿದ್ದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಇಂದು ತಮ್ಮೊಡನೆ ಒಂದೇ ಒಂದು ವಿಷಯವನ್ನು ಕುರಿತು ಮಾತನಾಡಲು ಬಯಸುತ್ತೇನೆ. ಹೆರಿಗೆಯಾದ ಮೇಲೆ ತಾಯಿಗೆ ಉಂಟಾಗುವ ರಕ್ತಸ್ರಾವವೇ ಆ ವಿಷಯ.

ಕೂಸು ಅತ್ತಿತೆಂದೊಡನೆ ಮನೆಯವರ ಗಮನವೆಲ್ಲ ಕೂಸಿನ ಕಡೆಗೆ ತಿರುಗುತ್ತದೆ. ಗಂಡೋ ಹೆಣ್ಣೋ ಎಂದು ಕೇಳುವವರು ಕೆಲವರು, ಸಕ್ಕರೆ ಹಂಚುವವರು ಕೆಲವರು. ಗಂಡಾಂತರ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ತಾಯಿಯ ಪಾಲಿಗೆ ಅತ್ಯಂತ ಎಚ್ಚರಿಕೆಯ ಕಾಲವು ಆಗಲೇ ಆರಂಭವಾಗುತ್ತದೆ. ಬಸುರಿ ಬಾಣಂತಿಯರ ಮರಣಕ್ಕೆ ಇರುವ ಕಾರಣಗಳಲ್ಲಿ ಅತಿಯಾದ ರಕ್ತಸ್ರಾವವು ಪ್ರಮುಖವಾದುದು. ಸರಿಯಾದ ಚಿಕಿತ್ಸೆ ದೊರೆಯದಿದ್ದರೆ ಆರೋಗ್ಯವಂತಳಾದ ಹೆಣ್ಣುಮಗಳೂ ಎರಡು ಗಂಟೆಯೊಳಗೆ ಪ್ರಾಣ ಕಳೆದುಕೊಳ್ಳಬಹುದು.

ಇದು ಹೇಗೆ ಸಂಭವಿಸುತ್ತದೆ? ಬಸಿರಿನಲ್ಲಿ ಕೂಸಿಗೆ ಆಹಾರವನ್ನು ಒದಗಿಸುವ ಮಾಸು, ಅಂದರೆ ತಾವು ಕಸವೆಂದು ಕರೆಯುವುದು, ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಹೆರಿಗೆಯ ನಂತರ ಅದು ಕಳಚಿ ಬಿದ್ದಾಗ ಅಲ್ಲಿಯ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಗರ್ಭಕೋಶವು ಬಿಗಿಯಾಗಿ ಮುದುಡಿಕೊಂಡರೆ ಆ ಬಾಯಿಗಳು ಮುಚ್ಚುತ್ತವೆ. ಮುದುಡದೆ ಸಡಿಲವಾಗಿ ಉಳಿದರೆ, ತಿರುಪು ಬಿಗಿಯದ ನಳದಂತೆ, ರಕ್ತ ಹರಿಯುತ್ತಲೇ ಇರುತ್ತದೆ. ಆದುದರಿಂದಲೇ ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದನ್ನು ಕೊಡಲಾಗುತ್ತದೆ. ಅದು ಗರ್ಭಕೋಶವನ್ನು ಬಿಗಿಗೊಳಿಸುತ್ತದೆ.

ಸ್ವಲ್ಪ ರಕ್ತ ಹೋಗುವುದು ಸಹಜ. ಅರ್ಧ ಲೀಟರು, ಅಂದರೆ ಅರ್ಧ ಲೀಟರಿನ ಒಂದು ಹಾಲಿನ ಪಾಕೀಟಿನಷ್ಟು ಹೋದರೆ ಅದನ್ನು ಅಪಾಯವೆಂದು ವೈದ್ಯಶಾಸ್ತ್ರವು ಪರಿಗಣಿಸುತ್ತದೆ. ರಕ್ತಹೀನತೆಯುಳ್ಳ ತಾಯಿಗೆ ಅದಕ್ಕಿಂತ ಕಡಿಮೆಯೂ ಅಪಾಯವೇ. ಹಾಗಾದರೆ, ಎಷ್ಟು ಹೋಗಿದೆಯೆಂದು ತಿಳಿಯುವುದು ಹೇಗೆ?

ಹಾಲನ್ನು ಅಳೆದು ಕೊಳ್ಳುತ್ತೇವೆ. ಜೋಳವನ್ನು ತೂಗಿ ಕೊಡುತ್ತೇವೆ. ಇಳಕಲ್ಲ ಸೀರೆಯ ಸೆರಗನ್ನು ಒಡಲಿಗೆ ಕೂಡಿಸುವ ನೇಕಾರನು ಕಣ್ಣಂದಾಜಿಗೆ ಬಿಡದೆ ಎಳೆಗೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾನೆ. ಆದರೆ ತಾಯಿಯ ರಕ್ತವನ್ನು ಮಾತ್ರ ಬಹುಕಾಲ ಕಣ್ಣಂದಾಜಿನಲ್ಲಿಯೇ ಅಳೆಯುತ್ತ ಬಂದೆವು. ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಆಸ್ಪತ್ರೆಯಲ್ಲಿ, ಬಾಣಂತಿಯೊಬ್ಬಳ ಹಾಸಿಗೆಯನ್ನು ನೋಡಿ ರಕ್ತಸ್ರಾವವು ಸಾಧಾರಣವೆಂದು ಬರೆದೆ. ಬಟ್ಟೆಯ ಅಡಿಯಲ್ಲಿ ಇನ್ನೂ ಎರಡು ಬಟ್ಟೆಗಳು ತೊಯ್ದಿದ್ದವು; ಅವುಗಳನ್ನು ನಾನು ಎತ್ತಿ ನೋಡಿರಲಿಲ್ಲ. ಅರ್ಧ ಗಂಟೆಯಲ್ಲಿ ಆಕೆಯ ನಾಡಿ ಓಡತೊಡಗಿತು, ಕೈಕಾಲು ತಣ್ಣಗಾದವು. ಸಕಾಲದಲ್ಲಿ ರಕ್ತ ದೊರೆತುದರಿಂದ ಆ ತಾಯಿ ಬದುಕಿದಳು. ಅಂದಿನಿಂದ ಅಂದಾಜನ್ನು ನಾನು ನಂಬುವುದಿಲ್ಲ.

ಈ ವಿಷಯದಲ್ಲಿ ನಮ್ಮ ನೆರೆಯ ಬೆಳಗಾವಿಯಲ್ಲಿಯೇ ಮಹತ್ವದ ಸಂಶೋಧನೆ ನಡೆದಿದೆಯೆಂಬುದು ನಮಗೆ ಅಭಿಮಾನದ ಸಂಗತಿ. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಭಾಲಚಂದ್ರ ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಡನೆ ಸೇರಿ ಈ ಕಾರ್ಯವನ್ನು ಕೈಗೊಂಡರು. ತಾಯಿಯ ಸೊಂಟದ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅವರು ಬಳಕೆಗೆ ತಂದರು. ಅದರ ತುದಿಯಲ್ಲಿ ಆಲಿಕೆಯಂತಹ ಚೀಲವಿದ್ದು, ಅದರ ಮೇಲೆ ಅಳತೆಯ ಗೆರೆಗಳಿರುತ್ತವೆ. ಹರಿದ ರಕ್ತವು ಚೀಲದಲ್ಲಿ ಸೇರುತ್ತದೆ; ಗೆರೆಯನ್ನು ನೋಡಿದರೆ ಪ್ರಮಾಣವು ತಿಳಿಯುತ್ತದೆ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ತಾಯಂದಿರಲ್ಲಿ ಕಣ್ಣಂದಾಜನ್ನೂ ಈ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಲಾಯಿತು. ಕಣ್ಣಂದಾಜು ಶೇಕಡಾ 33 ರಷ್ಟು ಕಡಿಮೆ ತೋರಿಸಿತೆಂದು 2006 ರಲ್ಲಿ ಪ್ರಕಟವಾದ ಆ ವರದಿ ತಿಳಿಸುತ್ತದೆ. ಅನುಭವವುಳ್ಳ ಕಣ್ಣೂ ಮೋಸಹೋಗುತ್ತದೆಂಬುದು ಇದರಿಂದ ಸ್ಪಷ್ಟವಾಯಿತು.

ಇದೇ ತಂಡದವರು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರನ್ನು ಒಳಗೊಂಡ ಇನ್ನೊಂದು ಅಧ್ಯಯನವನ್ನು ನಡೆಸಿದರು. ಹೆರಿಗೆಯಾದ ಕೂಡಲೆ ಸಹಾಯಕ ದಾದಿಯರು ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಕೊಟ್ಟರು. ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನು ಕೊಟ್ಟರು. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅಪಾಯದ ರಕ್ತಸ್ರಾವವಾಯಿತು. ಔಷಧ ಪಡೆದವರಲ್ಲಿ ಅದು ನೂರಕ್ಕೆ 6.4 ಕ್ಕೆ ಇಳಿಯಿತು. 2006 ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತಿನ ವೈದ್ಯರು ಗಮನಿಸಿದರು. 2011 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕಾಗಿ ಆ ಔಷಧವನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಒಂದು ಎಚ್ಚರಿಕೆ: ಈ ಮಾತ್ರೆಯನ್ನು ಯಾರೂ ಅಂಗಡಿಯಿಂದ ತಾವಾಗಿಯೇ ತಂದು ಕೊಡಕೂಡದು. ಹೆರಿಗೆಗೆ ಮುಂಚೆ ಕೊಟ್ಟರೆ ತಾಯಿಗೂ ಕೂಸಿಗೂ ಹಾನಿಯಾದೀತು.

ಅಳತೆಯಿಂದ ಎಷ್ಟು ಪ್ರಯೋಜನವೆಂಬುದು ಆಫ್ರಿಕ ಖಂಡದ ನಾಲ್ಕು ದೇಶಗಳಲ್ಲಿ ನಡೆದ, 2023 ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ಮತ್ತೆ ದೃಢಪಟ್ಟಿತು. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರಿದ್ದರು. ಎಂದಿನ ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವವಾದವರಲ್ಲಿ ನೂರಕ್ಕೆ 51 ಮಂದಿಯನ್ನು ಮಾತ್ರ ಸಿಬ್ಬಂದಿಯವರು ಗುರುತಿಸಿದರು. ಅಳತೆಯ ಹಾಳೆ ಬಳಸಿದ ಆಸ್ಪತ್ರೆಗಳಲ್ಲಿ ನೂರಕ್ಕೆ 93 ಮಂದಿಯನ್ನು ಗುರುತಿಸಿ, ಕೂಡಲೆ ಚಿಕಿತ್ಸೆಯನ್ನೆಲ್ಲ ಒಟ್ಟಿಗೆ ಆರಂಭಿಸಲಾಯಿತು. ತೀವ್ರ ರಕ್ತಸ್ರಾವದಿಂದ ಆಗುವ ಕೇಡು ಅಲ್ಲಿ ಅರ್ಧಕ್ಕಿಂತಲೂ ಕಡಿಮೆಯಾಯಿತು.

ಇನ್ನು ನಮ್ಮ ಮನೆಗಳ ವಿಚಾರಕ್ಕೆ ಬರೋಣ. ಎರಡು ತಪ್ಪು ತಿಳಿವಳಿಕೆಗಳು ನಮ್ಮಲ್ಲಿ ಇನ್ನೂ ಉಳಿದಿವೆ. ‘ಕೆಟ್ಟ ರಕ್ತ, ಹೋದರೆ ಹೋಗಲಿ, ಮೈ ಹಗುರಾಗುತ್ತದೆ’ ಎನ್ನುವುದು ಮೊದಲನೆಯದು. ಮೈಯಲ್ಲಿ ಕೆಟ್ಟ ರಕ್ತ ಬೇರೆ, ಒಳ್ಳೆಯ ರಕ್ತ ಬೇರೆ ಎಂಬುದಿಲ್ಲ. ಹರಿದುಹೋಗುವುದು ತಾಯಿಯನ್ನು ಬದುಕಿಸುವ ರಕ್ತವೇ. ‘ಗಂಡನ ಮನೆಯವರು ಬರಲಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಒಯ್ಯೋಣ’ ಎನ್ನುವುದು ಎರಡನೆಯದು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಸಂಪ್ರದಾಯ. ತವರಿನವರು ಜವಾಬ್ದಾರಿಗೆ ಅಂಜಿ ಕಾಯುತ್ತಾರೆ. ಗಂಡನು ದೂರದ ಊರಿನಲ್ಲಿ ದುಡಿಯುತ್ತಿರುತ್ತಾನೆ. ಈ ಕಾಯುವಿಕೆಯಲ್ಲಿ ಎರಡು ಗಂಟೆ ಕಳೆಯುವುದು ಸುಲಭ. ಆದುದರಿಂದ ಕುಬಸದ ದಿನವೇ, ಎರಡೂ ಮನೆಯವರು ಕೂಡಿದಾಗ, ‘ವೈದ್ಯರು ಹೇಳಿದೊಡನೆ ಕರೆದೊಯ್ಯಿರಿ, ನಮ್ಮನ್ನು ಕೇಳಲು ನಿಲ್ಲಬೇಡಿರಿ’ ಎಂದು ಗಂಡನೂ ಅತ್ತೆ ಮಾವಂದಿರೂ ಬಾಯಿಬಿಟ್ಟು ಹೇಳಿರಬೇಕು. ಈ ಒಂದು ಮಾತು ತಾಯಿಯ ಪ್ರಾಣವನ್ನು ಉಳಿಸಬಲ್ಲದು.

ದಂಪತಿಗಳು ನೆನಪಿಡಬೇಕಾದ ಸಂಗತಿಗಳು ಇವು:

1. ಬಸಿರು ನಿಂತೊಡನೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ರಕ್ತದ ಗುಂಪನ್ನೂ ರಕ್ತಹೀನತೆಯನ್ನೂ ಪರೀಕ್ಷಿಸಿಕೊಳ್ಳಿರಿ.

2. ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ ಕನಿಷ್ಠ 180 ದಿನ ತಪ್ಪದೆ ಸೇವಿಸಿರಿ. ಮಲ ಕಪ್ಪಾದರೆ ಅಂಜಿ ಬಿಡಬೇಡಿರಿ.

3. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ಊಟ, ಅವಶ್ಯವಿದ್ದರೆ ರಕ್ತ, ಎಲ್ಲವೂ ಉಚಿತ. ವಾಹನಕ್ಕೆ 108 ಕ್ಕೆ ಕರೆ ಮಾಡಿರಿ.

4. ಕೂಸಿಗೆ ಒಂದು ಗಂಟೆಯೊಳಗೆ ಮೊಲೆ ಕುಡಿಸಿರಿ. ಅದರಿಂದ ಗರ್ಭಕೋಶವೂ ಬಿಗಿಯಾಗುತ್ತದೆ.

5. ಹೆರಿಗೆಯಾದ ಮೇಲೆ ತಾಯಿಯ ಬಳಿ ಒಬ್ಬರು ಸದಾ ಇರಬೇಕು. ಬಟ್ಟೆ ಬೇಗ ಬೇಗ ತೊಯ್ಯುವುದು, ತಲೆ ಸುತ್ತುವುದು, ಮೈ ತಣ್ಣಗಾಗಿ ಬೆವರುವುದು, ಮಂಪರು ಕವಿಯುವುದು ಕಂಡರೆ ತಕ್ಷಣ ದಾದಿಯನ್ನು ಕರೆಯಿರಿ. ತೊಯ್ದ ಬಟ್ಟೆಯನ್ನು ಎಸೆಯದೆ ತೋರಿಸಿರಿ.

6. ಸುಸೂತ್ರವಾಗಿ ಹೆರಿಗೆಯಾದರೂ ಎರಡು ದಿನ, ಅಂದರೆ 48 ಗಂಟೆಗಳ ಮೊದಲು ಮನೆಗೆ ಹೊರಡಬೇಡಿರಿ. ಮನೆಗೆ ಹೋದ ಮೇಲೆ ರಕ್ತಸ್ರಾವ ಮತ್ತೆ ಹೆಚ್ಚಿದರೆ ಬೆಳಗಾಗಲೆಂದು ಕಾಯದೆ ಮರಳಿ ಬನ್ನಿರಿ.

7. ಮೇಲಿಂದ ಮೇಲೆ ಹೆರಿಗೆಯಾದರೆ ತಾಯಿಯ ರಕ್ತ ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ. ಎರಡು ಮಕ್ಕಳ ನಡುವೆ ಮೂರು ವರ್ಷಗಳ ಅಂತರವಿರಲಿ. ಅದಕ್ಕೆ ತಕ್ಕ ಸಾಧನವನ್ನು ಇಬ್ಬರೂ ಕೂಡಿ ವಿಚಾರಿಸಿ ಆರಿಸಿಕೊಳ್ಳಿರಿ.

ಕೊನೆಯದಾಗಿ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2019 ರಿಂದ ಪ್ರತಿವರ್ಷ ಸೆಪ್ಟೆಂಬರ್ 17 ನ್ನು ರೋಗಿಗಳ ಸುರಕ್ಷತೆಯ ದಿನವೆಂದು ಆಚರಿಸುತ್ತಿದೆ. ಸುರಕ್ಷತೆಯೆಂಬುದು ವೈದ್ಯರೊಬ್ಬರ ಹೊಣೆಯಲ್ಲ. ಹೆರಿಗೆಯ ನಂತರ ದಾದಿಯನ್ನಾಗಲಿ ವೈದ್ಯರನ್ನಾಗಲಿ ‘ರಕ್ತ ಎಷ್ಟು ಹೋಗಿದೆ?’ ಎಂದು ಕೇಳಲು ಸಂಕೋಚಪಡಬೇಡಿರಿ. ಅದು ಉದ್ಧಟತನವಲ್ಲ, ತಮ್ಮ ಹಕ್ಕು. ಅಂದು ಆ ಬಾಣಂತಿಯ ಬಳಿ ನಿಂತವರು ಯಾರಾದರೂ ನನ್ನನ್ನು ಹಾಗೆ ಕೇಳಿದ್ದರೆ, ಕೆಳಗಿನ ಬಟ್ಟೆಗಳನ್ನೂ ಎತ್ತಿ ನೋಡುತ್ತಿದ್ದೆ. ತಾವು ಕೇಳಿರಿ, ನಾವು ಅಳೆದು ಹೇಳುತ್ತೇವೆ.