ಗೋಲ್ ಹೊಡೆದೋರು ಕಾಣ್ತಾರೆ, ತಡೆದೋರು?

ಒಂದು ಟೀಮಿನ ಡಿಫೆನ್ಸ್ ಚೆನ್ನಾಗಿದೆ ಅಂತ ಯಾವುದನ್ನ ನಂಬಿ ಹೇಳೋದು? ಅಂಕಿ-ಅಂಶಾನಾ, ನಮ್ಮ ಕಣ್ಣನ್ನಾ?

2024ರ ಆಗಸ್ಟ್ 4, ಪ್ಯಾರಿಸ್ ಒಲಿಂಪಿಕ್ಸ್, ಹಾಕಿ ಕ್ವಾರ್ಟರ್ ಫೈನಲ್, ಎದುರಿಗೆ ಬ್ರಿಟನ್. 17ನೇ ನಿಮಿಷಕ್ಕೇ ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಆಮೇಲಿನ 43 ನಿಮಿಷ ಹತ್ತೇ ಜನ ಆಡಿದ್ರು. ಸ್ಕೋರ್ 1-1, ಶೂಟೌಟ್‌ನಲ್ಲಿ 4-2ರಿಂದ ಗೆದ್ವಿ. ಅವತ್ತು ಫೋನ್ ತುಂಬಾ ಶ್ರೀಜೇಶ್ ಅವರ ಸೇವ್‌ಗಳೇ. ಸರಿಯೇ, ಅವರಿಗೆ ಸಲ್ಲಬೇಕಾದದ್ದು. ಆದ್ರೆ ಆ ಕ್ಲಿಪ್ ಶುರುವಾಗೋದೇ ಚೆಂಡು ಅವರ ಹತ್ರ ಬಂದ ಮೇಲೆ.

ಹಾಕಿಯಲ್ಲಿ ಡಿ ಒಳಗಿಂದ ಹೊಡೆದ್ರೆ ಮಾತ್ರ ಗೋಲ್. ಹಾಗಾಗಿ ಡಿಫೆಂಡರ್‌ನ ಅರ್ಧ ಕೆಲಸ ಡಿ ಹೊರಗೇ ನಡೆಯುತ್ತೆ. ಎದುರಾಳಿಯನ್ನ ನಡುವಿಂದ ಪಕ್ಕಕ್ಕೆ ತಳ್ಳಿ, ಗೋಲ್ ಕಾಣದ ಕೋನಕ್ಕೆ ಒಯ್ದು ನಿಲ್ಲಿಸೋದು. ಇದು ಕ್ಲಿಪ್ಪಲ್ಲೂ ಬರಲ್ಲ, ಲೆಕ್ಕದಲ್ಲೂ ಬರಲ್ಲ. ಎದುರಾಳಿ ಎಷ್ಟು ಸಲ ಹೊಡೆದ ಅಂತಷ್ಟೇ ಎಣಿಸಿದ್ರೆ ಅವತ್ತಿನ ನಮ್ಮ ಡಿಫೆನ್ಸ್ ಜರಡಿ ಥರ ಕಾಣುತ್ತೆ. ಟ್ಯಾಕಲ್ ಎಣಿಸೋದೂ ಅಷ್ಟೇ. ಜಾಸ್ತಿ ಟ್ಯಾಕಲ್ ಮಾಡಿದವನು ಗಟ್ಟಿಗ ಇರಬಹುದು, ಇಲ್ಲಾ ಎದುರಾಳಿಗಳು ಅವನೇ ಸುಲಭ ಅಂತ ಅವನ ಕಡೆಗೇ ನುಗ್ಗುತ್ತಿರಬಹುದು.

ಕಣ್ಣೂ ಮೋಸ ಮಾಡುತ್ತೆ, ಯಾಕಂದ್ರೆ ಅದು ಚೆಂಡಿನ ಹಿಂದೇನೇ ಓಡುತ್ತೆ. ಕೊಡಗಿನ ವಿ.ಆರ್. ರಘುನಾಥ್ ಡಿಫೆಂಡರ್; ಜನ ನೆನೆಯೋದು ಅವರ ಡ್ರ್ಯಾಗ್ ಫ್ಲಿಕ್ ಗೋಲ್‌ಗಳನ್ನ! ರೋಹಿದಾಸ್ ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲು ಎದುರಿಗೆ ನುಗ್ಗೋರು. ಅಮಾನತಾಗಿ ಅವರಿಲ್ಲದ ಸೆಮಿಫೈನಲ್‌ನಲ್ಲಿ ಜರ್ಮನಿಯ ಮೊದಲ ಗೋಲ್ ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದ. 3-2ಕ್ಕೆ ಸೋತ್ವಿ. ಅವರಿದ್ದಿದ್ರೆ ಗೆಲ್ತಿದ್ವಿ ಅಂತ ನಾನು ಹೇಳ್ತಿಲ್ಲ. ಅವರ ಕೆಲಸ ಎಂಥದ್ದು ಅಂತ ಎಷ್ಟೋ ಜನ ಗಮನಿಸಿದ್ದು ಅವತ್ತೇ, ಅಷ್ಟೇ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಕೇಳ್ತಿರೋರೇ, ಹಾಕಿ ನಮಗ್ಯಾಕೆ ಅನ್ನಬೇಡಿ. ಕಬಡ್ಡಿ ತಗೊಳ್ಳಿ. ರೈಡರ್ ಏನೂ ಸಿಗದೆ ವಾಪಸ್ ಹೋದ. ಗೆದ್ದದ್ದು ಡಿಫೆನ್ಸ್, ಆದ್ರೆ ಯಾರ ಹೆಸರಿಗೂ ಪಾಯಿಂಟ್ ಇಲ್ಲ. ಪ್ರೊ ಕಬಡ್ಡಿಯಲ್ಲಿ ಸತತ ಎರಡು ರೈಡ್ ಹೀಗೆ ಖಾಲಿ ಹೋದ್ರೆ ಮೂರನೇದು ಡೂ ಆರ್ ಡೈ. ಆ ಒತ್ತಡ ತಂದವನು ಕಾರ್ನರ್‌ನಲ್ಲಿ ಸುಮ್ನೆ ನಿಂತ ಹುಡುಗ ಇರಬಹುದು. ರೈಡರ್ ಅವನ ಹತ್ರ ಸುಳಿಯೋಕೇ ಹೆದರಿದ್ದ.

ತಾಲ್ಲೂಕು ಮಟ್ಟದ ಆಯ್ಕೆಯಲ್ಲಿ ಇಂಥ ಹುಡುಗನೇ ಹಿಂದೆ ಉಳಿಯೋದು. ನೋಡೋರಿಗೆ ಸಿಗೋದು ಸ್ವಲ್ಪ ಹೊತ್ತು, ಹಾರಿ ಕಾಲು ಹಿಡಿದವನು ಕಣ್ಣಿಗೆ ಬೀಳ್ತಾನೆ. ಅಲ್ಲಿಂದ ಜಿಲ್ಲೆಗೆ ಹೋಗೋನು ಅವನೇ.

ಅದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ನಿಮ್ಮೂರಿನ ಮುಂದಿನ ಮ್ಯಾಚಲ್ಲಿ ಒಬ್ಬರು ಫೋನಲ್ಲಿ ಬರೀ ಖಾಲಿ ರೈಡ್ ಬರ್ಕೊಳ್ಳಿ. ಯಾವ ಕಡೆ ಹೋಗಿ ವಾಪಸ್ ಬಂದ, ಆಗ ಅಲ್ಲಿ ಯಾರಿದ್ರು. ಹಾಕಿ ಆದ್ರೆ, ಎದುರಾಳಿ ಯಾವ ಬದಿಯಿಂದ ಡಿಗೆ ಬಂದ, ಯಾವ ಬದಿಗೆ ಹೋಗಲೇ ಇಲ್ಲ ಅಂತ. ಆಮೇಲೆ ಆ ಪಟ್ಟಿ ಕೈಲಿಟ್ಕೊಂಡು ವಿಡಿಯೋ ಇನ್ನೊಂದ್ಸಲ ನೋಡಿ, ಈ ಸಲ ಚೆಂಡನ್ನ ಬಿಟ್ಟು. ಪಟ್ಟಿಯನ್ನ ನಿಮ್ಮ ಪಿ.ಟಿ. ಮೇಷ್ಟ್ರಿಗೂ ತೋರಿಸಿ.